ಅತ್ತಿಗೆಯ ತಲೆಸುತ್ತು

ನಮ್ಮ ಅತ್ತಿಗೆ ತಮಿಯೊ, ಯಾಕುಮೊ ಎಂಬ ರೈಲಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಟೀ, ಕಾಫಿ, ಊಟದ ಡಬ್ಬಿ ಮಾರುತ್ತಿದ್ದಳು. ನನಗೂ ಅವಳಿಗೂ ಒಂದೇ ವಯಸ್ಸು. ಅಣ್ಣ ಮಸನೊಬುವನ್ನು ಮದುವೆಯಾಗಿ ಶಿಂಜಿ ಸರೋವರದ ದಂಡೆಯ ನಮ್ಮ ಮನೆಗೆ ಅವಳು ಬಂದಾಗ ಅತ್ತಿಗೆ ಎಂದು ಕರೆಯಲು ನನಗೆ ನಾಚಿಕೆ, ಕರೆಸಿಕೊಳ್ಳಲು ಅವಳಿಗೂ ನಾಚಿಕೆ. ನಗುನಗುತ್ತಲೇ ಇಬ್ಬರೂ ಅದನ್ನು ರೂಢಿ ಮಾಡಿಕೊಂಡೆವು. ಅವಳ ತವರು ಬೆಟ್ಟದ ಮೇಲಿನ ಕುರೊಸಾಕಾ. ಅವಳಪ್ಪ ರೈಲು ಹಳಿ ರಿಪೇರಿಯವನು. ಅಣ್ಣ ಸರೋವರದಲ್ಲಿ ದೋಣಿ ನಿಲ್ಲಿಸಿ, ಬುಟ್ಟಿ ಕಟ್ಟಿದ ಉದ್ದನೆಯ ಗಳುವಿನಿಂದ ತಳ ಕೆರೆದು ಶಿಜಿಮಿ ಎಂಬ ಸಣ್ಣ ಚಿಪ್ಪುಮೀನು ಎತ್ತುತ್ತಿದ್ದ. ನಮ್ಮಮ್ಮ, ನಾನು ಅದನ್ನು ಜರಡಿ ಹಿಡಿದು ಮಾರುತ್ತಿದ್ದೆವು.

ಅವಳು ಬಂದ ಮರುವರ್ಷ ಬೇಸಿಗೆಯಲ್ಲಿ ಒಕಾಯಾಮಾದಿಂದ ನಮ್ಮ ಕಡೆಗೆ ಹಳಿಯುದ್ದಕ್ಕೂ ವಿದ್ಯುತ್ ತಂತಿ ಬಂತು. ಅಲ್ಲಿಯವರೆಗೆ ಬೆಟ್ಟ ಹತ್ತುತ್ತಿದ್ದದ್ದು ಏದುಸಿರು ಬಿಡುವ ಡೀಸೆಲ್ ಗಾಡಿ. ಹೊಸದು ಮುನ್ನೂರ ಎಂಬತ್ತೊಂದನೆಯ ಮಾದರಿ. ಕೆನೆ ಬಣ್ಣದ ಮೈ, ಕೆಂಪು ಪಟ್ಟಿ. ಉರುಳೆಗಳ ಮೇಲೆ ಕೂತ ಅದರ ಬೋಗಿಗಳು ತಿರುವು ಬಂದರೆ ತಾವಾಗಿಯೇ ಒಳಮಗ್ಗುಲಿಗೆ ವಾಲುತ್ತಿದ್ದವು, ಹಾಗಾಗಿ ವೇಗ ತಗ್ಗಿಸಬೇಕಿರಲಿಲ್ಲ. ಕೇಳಲು ಚೆನ್ನ. ಆದರೆ ಆ ವಾಲಾಟ ಕಣ್ಣು ಮಿಟುಕಿಸುವಷ್ಟು ತಡವಾಗಿ ಬರುತ್ತಿತ್ತು. ತಿರುವು ಶುರುವಾದ ಮೇಲೆ ಮೈ ಧೊಪ್ಪನೆ ಒರಗುವುದು, ತಿರುವು ಮುಗಿದ ಮೇಲೆ ಥಟ್ಟನೆ ನೆಟ್ಟಗಾಗುವುದು. ಬೆಟ್ಟದ ದಾರಿಯಲ್ಲಿ ನೆಟ್ಟಗಿರುವ ಹಳಿ ಎಷ್ಟಿದೆ? ಜನರ ಕರುಳು ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಸೀಟಿನ ಹಿಂದೆ ವಾಂತಿಯ ಚೀಲ ಇಟ್ಟಿರುತ್ತಿದ್ದರು. ಯಾಕುಮೊ ಹೋಗಿ 'ಹಾಕುಮೊ' ಆಯಿತು. ಹಾಕು ಎಂದರೆ ನಮ್ಮ ಭಾಷೆಯಲ್ಲಿ ಕಾರಿಕೊಳ್ಳುವುದು.

ಕೂತವರ ಪಾಡೇ ಹಾಗಾದರೆ ನಿಂತು ಗಾಡಿ ತಳ್ಳುವವಳ ಪಾಡೇನು? ಅತ್ತಿಗೆ ದಿನಾ ಬಿಳಿಚಿಕೊಂಡು ಮನೆಗೆ ಬರುತ್ತಿದ್ದಳು. ಅನ್ನದ ಆವಿ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅವರ ತಂಡದ ಹಿರಿಯಳು ಫುಕುಮಾ ಎಂಬ ಹೆಂಗಸು, ನಾಲಗೆ ಚುರುಕು.

"ಏನಮ್ಮಾ, ನೀನು ಗಾಡಿ ತಳ್ತೀಯೋ, ಗಾಡೀನೇ ನಿನ್ನ ತಳ್ಳುತ್ತೋ? ಗಿರಾಕಿಗೆ ಕೊಡೋ ಚೀಲ ಎಲ್ಲಾ ನೀನೇ ತುಂಬಿಸಿದ್ರೆ ಹೆಂಗೆ?"

"ಇನ್ನೊಂದು ವಾರ ನೋಡಿ ಅಕ್ಕಾ, ಅಭ್ಯಾಸ ಆಗುತ್ತೆ."

"ಇದನ್ನೇ ಹೋದ ತಿಂಗಳೂ ಹೇಳಿದ್ದೆ ನೀನು."

ಶರತ್ಕಾಲ ಕಳೆದು ನಾಡಿನ ದೇವರುಗಳೆಲ್ಲ ನಮ್ಮ ಇಜುಮೊ ದೇಗುಲದಲ್ಲಿ ಸಭೆ ಸೇರುವ ತಿಂಗಳು ಬಂತು. ಆ ದಿನಗಳಲ್ಲಿ ನಮ್ಮ ಕಡೆ ಯಾರೂ ಗಟ್ಟಿಯಾಗಿ ಹಾಡುವುದಿಲ್ಲ, ಸುತ್ತಿಗೆಯ ಸದ್ದು ಕೂಡ ಮಾಡುವುದಿಲ್ಲ. ಒಂದು ಮಧ್ಯಾಹ್ನ ಒಕಾಯಾಮಾದಿಂದ ಬರುವಾಗ ರೈಲು ನೀಮಿ ನಿಲ್ದಾಣ ದಾಟಿ ಬೆಟ್ಟಕ್ಕೆ ಹೊರಳಿದಾಗ ಅತ್ತಿಗೆಗೆ ಕಾಲು ನಿಲ್ಲಲಿಲ್ಲ. ಖಾಲಿ ಸೀಟಿನ ತೋಳು ಹಿಡಿದು ಕಣ್ಣು ಮುಚ್ಚಿಕೊಂಡಳು. ಪಕ್ಕದ ಸೀಟಿನಲ್ಲಿ ಒಬ್ಬ ಮುದುಕ ಕೂತಿದ್ದ. ಕಂದು ಬಣ್ಣದ ಹಳೆಯ ಮೇಲಂಗಿ, ತೊಡೆಯ ಮೇಲೆ ಬಟ್ಟೆಯ ಗಂಟು, ಗಂಟಿನ ಮೇಲೆ ಎರಡೂ ಕೈ. ಒದ್ದೆ ಎಲೆಯ ವಾಸನೆ. ಬೋಗಿ ಪೂರ್ತಿ ವಾಲಿದ್ದರೂ ಅವನ ಮುಂದಿದ್ದ ಲೋಟದ ಟೀ ಕದಲಿರಲಿಲ್ಲ. ಆ ಟೀ ತಾನು ಕೊಟ್ಟದ್ದಲ್ಲ ಎನ್ನುವುದು ಅವಳಿಗೆ ಆಮೇಲೆ ಹೊಳೆಯಿತು.

"ತುಂಬಾ ಸುತ್ತುತ್ತಾ ಮಗಳೇ?" ಎಂದು ಕೇಳಿದ.

"ಹೂಂ ತಾತ. ಈ ಕೆಲಸ ನನ್ನ ಕೈಲಿ ಆಗಲ್ಲ ಅನ್ಸುತ್ತೆ."

"ಹಂಗಾದ್ರೆ ಆ ಸುತ್ತನ್ನ ನನಗೆ ಕೊಟ್ಬಿಡು. ನಿನಗೆ ಬೇಡ ತಾನೆ?"

ಅತ್ತಿಗೆಗೆ ನಗು ಬಂತು. "ಪುಣ್ಯ ಬರುತ್ತೆ ನಿಮಗೆ, ತಗೊಂಡು ಹೋಗಿ. ಪೂರ್ತಿ ತಗೊಳ್ಳಿ, ಚೂರೂ ಉಳಿಸ್ಬೇಡಿ" ಎಂದಳು.

ಮುದುಕ ಗಂಟಿನ ಒಂದು ಮೂಲೆ ಬಿಚ್ಚಿ, ಮತ್ತೆ ಕಟ್ಟಿದ. ಅಷ್ಟೇ. ರೈಲು ಇನ್ನೊಂದು ತಿರುವಿಗೆ ಒರಗಿತು, ಅವಳು ನೆಲದಲ್ಲಿ ನೆಟ್ಟ ಕಂಬದ ಹಾಗೆ ನಿಂತಿದ್ದಳು. ಬೇರೆಯವರಿಗೆ ಕಾಫಿ ಕೊಟ್ಟು ತಿರುಗಿ ನೋಡಿದರೆ ಆ ಸೀಟು ಖಾಲಿ. ಮುಂದಿನ ನಿಲ್ದಾಣ ಬರಲು ಇನ್ನೂ ಹೊತ್ತಿತ್ತು.

ಅಂದು ಸಂಜೆ ಅವಳು ಎರಡು ಬಟ್ಟಲು ಅನ್ನ ಉಂಡಳು. ಮುದುಕನ ಕತೆ ಹೇಳಿದಾಗ ಅಣ್ಣ, "ಯಾವ ಊರ ದೇವರೋ, ಸಭೆಗೆ ಹೋಗ್ತಾ ನಿನ್ನ ಕಾಟ ತಪ್ಪಿಸಿ ಹೋದ" ಎಂದು ನಕ್ಕ. ನಮ್ಮಮ್ಮ ಮಾತ್ರ ನಗಲಿಲ್ಲ. "ಕೇಳಿದವರಿಗೆಲ್ಲಾ ಕೊಡ್ತೀನಿ ಅನ್ನಬಾರದು ಕಣೇ. ಯಾಕೆ ಬೇಕು ಅಂತ ಕೇಳ್ಬೇಕು" ಎಂದಳು.

ಅದಾದ ಮೇಲೆ ಅತ್ತಿಗೆ ಆ ದಾರಿಯಲ್ಲಿ ಹೆಸರಾದಳು. ಎಂಥ ತಿರುವಿನಲ್ಲೂ ಒಂದು ಕೈಯಲ್ಲಿ ಕೆಟಲ್ ಎತ್ತಿ ಕಪ್ಪಿಗೆ ಅಂಚಿನವರೆಗೂ ಕಾಫಿ ಹೊಯ್ಯುವಳು, ತಟ್ಟೆಗೆ ತೊಟ್ಟು ಬೀಳುತ್ತಿರಲಿಲ್ಲ. ಡ್ರೈವರುಗಳು ತಮಾಷೆಗೆ ಅವಳನ್ನು ಕಂಬದಮ್ಮ ಎನ್ನುತ್ತಿದ್ದರು. ಫುಕುಮಾ ಅಕ್ಕ ಹೊಸ ಹುಡುಗಿಯರನ್ನು ಕರೆತಂದು ಅವಳ ಕಾಲು ನೋಡಿ ಕಲಿಯಿರಿ ಎನ್ನುವಳು. ಕಲಿಯುವುದೇನಿತ್ತು ಅದರಲ್ಲಿ? ಬಸುರಿಯಾದಾಗಲೂ ಒಂದು ದಿನ ಓಕರಿಸಲಿಲ್ಲ. ಹೆರಿಗೆಗೆ ನಡೆದುಕೊಂಡೇ ಹೋದಳು. ಹೆಣ್ಣು ಮಗು ಹುಟ್ಟಿತು, ಚಿನಾಮಿ ಎಂದು ಹೆಸರಿಟ್ಟೆವು.

ಎಲ್ಲೋ ಏನೋ ಸರಿಯಿಲ್ಲ ಎಂದು ನನಗೆ ಮೊದಲು ಅನ್ನಿಸಿದ್ದು ಆ ಮಗುವಿನಿಂದಲೇ. ಒಂದು ದಿನ ಚಿನಾಮಿ ಮೆಟ್ಟಿಲಿನಿಂದ ಉರುಳಿ ಹಣೆ ಒಡೆದುಕೊಂಡಳು. ನಾನು ಕಿರುಚಿಕೊಂಡೆ, ಅಮ್ಮ ಕಿರುಚಿಕೊಂಡಳು. ಅತ್ತಿಗೆ ಕೈಯಲ್ಲಿದ್ದ ಮೂಲಂಗಿ ಪೂರ್ತಿ ಹೆಚ್ಚಿ, ಚಾಕು ತೊಳೆದಿಟ್ಟು, ಆಮೇಲೆ ಬಂದಳು. ಮಗುವನ್ನು ಎತ್ತಿಕೊಂಡು ಸರಿಯಾಗಿಯೇ ಪಟ್ಟಿ ಕಟ್ಟಿದಳು. ಅವಳ ಮುಖ ನೋಡಿದ ಮಗು ಅಳು ನಿಲ್ಲಿಸಿ, ಕೈ ಚಾಚಿ ನನ್ನ ಕಡೆ ಬಂದುಬಿಟ್ಟಿತು.

ಹಳೆಯ ರೈಲುಗಳಲ್ಲಿ ಕೆಲವಕ್ಕೆ ನೇರಳೆ ಬಣ್ಣ ಬಳಿದು ಇನ್ನೂ ವೇಗದ ಯಾಕುಮೊ ಎಂದು ಓಡಿಸತೊಡಗಿದ ಚಳಿಗಾಲದಲ್ಲಿ ಅಣ್ಣ ಹೋದ. ಪಡುವಣ ಗಾಳಿ ಎದ್ದು ಸರೋವರದಲ್ಲಿ ದೋಣಿ ಮಗುಚಿತು. ಸುದ್ದಿ ಮುಟ್ಟಿದಾಗ ಅತ್ತಿಗೆ ರೈಲಿನಲ್ಲಿದ್ದಳು. ಕೊನೆಯ ನಿಲ್ದಾಣದವರೆಗೂ ಟೀ ಮಾರಿ, ತಳ್ಳುಗಾಡಿ ಒಪ್ಪಿಸಿ ಬಂದಳು. ತಿಥಿಗೆ ಬಂದವರಿಗೆಲ್ಲ ಅವಳೇ ಶಿಜಿಮಿ ಹಾಕಿ ಮಿಸೊ ಸಾರು ಮಾಡಿದಳು. ಉಪ್ಪು ಹದವಾಗಿತ್ತು. ಅದೇ ನಮ್ಮಮ್ಮನಿಗೆ ತಡೆಯದಾಯಿತು.

"ಏನೇ ನೀನು? ಒಂದು ತೊಟ್ಟು ನೀರು ಬರಲ್ವಾ ಕಣ್ಣಲ್ಲಿ? ನನ್ನ ಮಗ ನಿನಗೇನೂ ಆಗಿರ್ಲಿಲ್ವಾ?"

"ಆಗಿದ್ರು ಅತ್ತೆ."

"ಮತ್ತೆ?"

"ಗೊತ್ತಾಗ್ತಿಲ್ಲ ಅತ್ತೆ. ಒಳಗಿಂದ ಏನೋ ಏಳ್ಬೇಕಲ್ಲ, ಅದು ಏಳ್ತಾನೇ ಇಲ್ಲ."

ಎಷ್ಟೋ ದಿನ ಅವಳು ಅಣ್ಣನ ಫೋಟೋದ ಮುಂದೆ ಕೂತು ಹೆಬ್ಬೆರಳಿನಿಂದ ಕಣ್ಣುಗಳನ್ನು ಒತ್ತಿಕೊಳ್ಳುತ್ತಿದ್ದಳು, ಮುಚ್ಚಿಹೋದ ನಲ್ಲಿಯನ್ನು ಸರಿಮಾಡುವವಳ ಹಾಗೆ. ಅದನ್ನು ನೋಡಿ ನಾನು ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಬಂದದ್ದಿದೆ.

ಆಮೇಲೆ ಆ ದೊಡ್ಡ ಭೂಕಂಪ. ಮಧ್ಯಾಹ್ನದ ಊಟ ಮುಗಿದ ಹೊತ್ತು, ಅತ್ತಿಗೆ ಯೊನಾಗೊ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಸಾಮಾನು ತುಂಬುತ್ತಿದ್ದಳಂತೆ. ನೆಲ ಅಲೆಯ ಹಾಗೆ ಎದ್ದಿತು. ಜನ ಮೊಣಕಾಲೂರಿ ನೆಲ ತಬ್ಬಿಕೊಂಡರು. ಮೇಲಿನ ತಂತಿಗಳು ಚಾಟಿಯಂತೆ ಬೀಸಾಡಿದವು, ನಿಂತಿದ್ದ ಯಾಕುಮೊ ಅತ್ತಿತ್ತ ತೊನೆಯಿತು. ಅಷ್ಟು ಜನರ ನಡುವೆ ಅವಳೊಬ್ಬಳು ನೆಟ್ಟಗೆ ನಿಂತು ಫ್ಲಾಸ್ಕಿಗೆ ಬಿಸಿನೀರು ಹೊಯ್ಯುತ್ತಿದ್ದಳು. ನೀರಿನ ಧಾರೆ ತುಂಡಾಗಲಿಲ್ಲ. ಎಲ್ಲ ನಿಂತ ಮೇಲೆ, ಪಕ್ಕದಲ್ಲಿ ಮಗುವನ್ನು ಅಪ್ಪಿ ಕೂತಿದ್ದ ಒಬ್ಬ ಹೆಂಗಸಿನ ಕೈ ಹಿಡಿದು ಎಬ್ಬಿಸಲು ಹೋದಳು. ಆ ಹೆಂಗಸು ಭೂಮಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಇವಳಿಗೆ ಹೆದರಿ, ತೆವಳಿಕೊಂಡೇ ಹಿಂದೆ ಸರಿದಳು.

"ನನ್ನ ಕಂಡು ಯಾಕೆ ಹಂಗಾಡಿದ್ಲು?" ಎಂದು ಅತ್ತಿಗೆ ನನ್ನನ್ನು ಕೇಳಿದಳು. ಬೇಸರದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು.

ಇನ್ನೂ ಕೆಲವು ವರ್ಷ ಹೋದವು. ರೈಲಿನ ನೇರಳೆ ಬಣ್ಣ ಹೋಗಿ ಬಿಳಿ, ಕೆಂಪು ಬಂತು. ಒಳಗೆ ಮೆತ್ತನೆಯ ಸೀಟು ಹಾಕಿ 'ಆರಾಮ ಯಾಕುಮೊ' ಎಂದರು. ಅಡಿಯಲ್ಲಿ ಉರುಳೆ ಅವೇ, ವಾಲಾಟ ಅದೇ. ಆ ಕಾಲದಲ್ಲಿ ಅಮ್ಮನ ಕಣ್ಣಿಗೆ ಪೊರೆ ಬಂತು. ಒಂದು ರಜೆಯ ದಿನ ಅತ್ತಿಗೆ ಅವಳನ್ನು ಯೊನಾಗೊದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಮ್ಮ ಒಳಗೆ, ಇವಳು ಹೊರಗೆ ಬೆಂಚಿನ ಮೇಲೆ. ಪಕ್ಕದಲ್ಲಿ ಕೂತಿದ್ದವಳು ಹಿರೋಸೆ ಊರಿನ ಹೆಂಗಸು, ಶಿಗೆನೊ ಎಂದು ಹೆಸರು. ಅವಳ ಗಂಡ ಸೊನೊಯಾಮಾ ಕೊಹೇ ಹೆಂಚು ಹೊದಿಸುವ ಕೆಲಸದವನು, ಕಿವಿ ಡಾಕ್ಟರ ಕೋಣೆಯೊಳಗಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಹೆಂಗಸರ ಪರಿಚಯವಾಗಲು ಎಷ್ಟು ಹೊತ್ತು?

"ತಲೆಸುತ್ತು ಕಣ್ರೀ ನಮ್ಮ ಯಜಮಾನ್ರಿಗೆ" ಎಂದಳು ಶಿಗೆನೊ. "ನಾನು ಮದುವೆಯಾಗಿ ಬಂದ ಮಾರನೇ ವರ್ಷದಿಂದ. ಒಂದಿನ ಸೂರಿನ ಮೇಲಿದ್ದೋರು ಚಾವಣಿ ವಾಲ್ತಿದೆ ಅಂತ ಕೂಗಿಕೊಂಡು ಬಿದ್ರು. ಆವತ್ತಿಂದ ಏಣಿ ಹತ್ತಿಲ್ಲ. ಇವತ್ತು ಒಳ್ಳೆ ದಿನ, ಅದಕ್ಕೇ ಕರ್ಕೊಂಡು ಬಂದೆ. ಒಳ್ಳೆ ದಿನ ಬಂದ್ರೆ ಡಾಕ್ಟ್ರಿಗೆ ಏನೂ ಕಾಣಲ್ಲ. ಕೆಟ್ಟ ದಿನ ಬರೋಕೇ ಆಗಲ್ಲ."

"ಹೆಂಗೆ ಬರುತ್ತೆ ಸುತ್ತು?" ಎಂದು ಅತ್ತಿಗೆ ಕೇಳಿದಳು. ವಾಲಾಡುವ ರೈಲಿನಲ್ಲಿ ದುಡಿಯುವವಳ ಕುತೂಹಲ, ಅಷ್ಟೇ.

"ಅದೇ ವಿಚಿತ್ರ. ಹೆಂಗೆಂಗೋ ಬರಲ್ಲ, ಒಂದು ಕ್ರಮ ಇದೆ. ಪಕ್ಕದಲ್ಲೇ ಕೂತಿರೋಳು ನಾನು, ಹಾಡಿನ ಹಂಗೆ ಬಾಯಿಪಾಠ ಆಗಿದೆ. ನೋಡಿ." ಶಿಗೆನೊ ಅಂಗೈ ಗಾಳಿಯಲ್ಲಿ ಚಾಚಿದಳು. "ಮೊದಲು ಎಡಕ್ಕೆ ಮೆಲ್ಲಗೆ. ಬಲಕ್ಕೆ ಜೋರು. ಮತ್ತೆ ಬಲಕ್ಕೆ. ಇಲ್ಲಿ ಉಸಿರು ಬಿಗಿಹಿಡೀತಾರೆ, ಕಿವಿ ಮುಚ್ಕೊಳ್ತಾರೆ. ಆಮೇಲೆ ಎಡ, ಬಲ, ಎಡ, ಬಲ, ಬಿಡುವೇ ಇಲ್ಲ. ಆಮೇಲೆ ಒಂದು ಉದ್ದ ಎಡ, ಅದು ಮುಗಿದ್ರೆ ಸ್ವಲ್ಪ ಸುಮ್ಮನಾಗ್ತಾರೆ."

ಆ ಅಂಗೈ ತೊನೆಯುತ್ತಿದ್ದಂತೆ ಅತ್ತಿಗೆ ಮನಸ್ಸಿನಲ್ಲೇ ಯಾಕುಮೊ ಏರಿ ನೀಮಿಯನ್ನು ಬಿಟ್ಟಳು, ಕಣಿವೆ ಹತ್ತಿದಳು, ಗಡಿಯ ಸುರಂಗ ಹೊಕ್ಕಳು, ಕಾಮಿ ಇವಾಮಿ ದಾಟಿ ಹಿನೊ ನದಿಯ ಪಕ್ಕಕ್ಕೆ ಇಳಿದಳು. ಶಿಗೆನೊಳ ಕೈ ನಿಂತಾಗ ಅವಳು ನೆಉ ನಿಲ್ದಾಣದಲ್ಲಿದ್ದಳು.

"ಬೇರೆ ಏನಾದ್ರೂ ಆಗಿತ್ತಾ? ಯಾವಾಗಾದ್ರೂ?" ಎಂದು ಕೇಳಿದಳು.

"ಏನೇನಾಗಿಲ್ಲ ಹೇಳಿ! ಒಂದು ವಸಂತದಲ್ಲಿ ಮೂರು ತಿಂಗಳು ಅನ್ನ ಬೇಯೋ ವಾಸನೆಗೇ ವಾಂತಿ. ನೆರೆಯವರು ನಗ್ತಿದ್ರು, ಶಿಗೆನೊ ಬದ್ಲು ಕೊಹೇನೇ ಬಸುರಾಗಿದ್ದಾನೆ ಅಂತ. ನಮಗೆ ಮಕ್ಕಳಾಗ್ಲಿಲ್ಲ, ಆ ಮಾತು ಬೇರೆ." ಧ್ವನಿ ತಗ್ಗಿಸಿದಳು. "ಇನ್ನೊಂದು ಸಲ ಚಳಿಗಾಲದಲ್ಲಿ ಚಾಪೆಗೆ ತಲೆ ಚಚ್ಚಿಕೊಂಡು ಅತ್ರು. ಒಂದಿನ ಅಲ್ಲ, ಸೂತಕದ ದಿನಗಳು ಮುಗಿಯೋವರೆಗೂ ಅತ್ರು. ಮನೇಲಿ ಯಾರೂ ಸತ್ತಿರ್ಲಿಲ್ಲ. ಯಾರಿಗೆ ಅಳ್ತಿದ್ದೀರಿ ಅಂದ್ರೆ, ನನಗೂ ಗೊತ್ತಿಲ್ಲ ಕಣೇ, ಯಾರೋ ನಮ್ಮೋರು ಹೋದ್ರು ಅಂತಾರೆ."

ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದಳು. ಅತ್ತಿಗೆ ಅವಳ ಕೈ ಹಿಡಿದು ಮನೆಗೆ ಕರೆತಂದಳು. ಆ ಸಂಜೆ ಅಂಗಳದಲ್ಲಿ ಚಿಪ್ಪು ಆರಿಸುತ್ತಾ ನನಗೆ ಇಷ್ಟನ್ನೂ ಹೇಳಿದಳು. ನಾನು ಜರಡಿ ಕೆಳಗಿಟ್ಟೆ. ಅವಳು ಅದನ್ನೆತ್ತಿ ನೀರು ಕೊಡವಿದಳು.

"ನಾನು ಈಗ ಹೆದರಬೇಕು, ಅಲ್ವಾ?" ಎಂದಳು.

"ಅತ್ತಿಗೆ!"

"ನನಗೆ ಹೆದರಿಕೆ ಆಗ್ತಿಲ್ಲ. ಅಂದ್ರೆ ಅಲ್ಲಿ ಹಿರೋಸೆಯಲ್ಲಿ ಆ ಮನುಷ್ಯ ಈಗ ನಡುಗ್ತಾ ಕೂತಿರ್ತಾನೆ. ಯಾಕೆ ಅಂತ ಅವನಿಗೆ ಗೊತ್ತೂ ಇರಲ್ಲ." ಒಡೆದ ಚಿಪ್ಪೊಂದನ್ನು ಆಚೆ ಎಸೆದಳು. "ಸಂಕಟ ಆಗ್ತಿಲ್ಲ ಕಣೇ ನನಗೆ. ಆದ್ರೂ ಇದು ತಪ್ಪು ಅಂತ ಗೊತ್ತು. ಗೊತ್ತಿರೋದಷ್ಟೇ ಉಳಿದಿದೆ ನನ್ನ ಹತ್ರ."

ಮುಂದಿನ ರಜೆಯಲ್ಲಿ ಇಬ್ಬರೂ ಹೊರಟೆವು. ಯಾಸುಗಿಯವರೆಗೆ ಸಾದಾ ರೈಲು, ಅಲ್ಲಿಂದ ಬಸ್ಸು. ಹಿರೋಸೆ ಒಳನಾಡು, ಯಾಕುಮೊ ಸದ್ದು ಅಲ್ಲಿಗೆ ಯಾವ ಗಾಳಿಯಲ್ಲೂ ಬರುವುದಿಲ್ಲ. ಮನೆಯ ಹೆಂಚು ಎಷ್ಟೋ ಕಡೆ ಜಾರಿತ್ತು. ಹೆಂಚಿನವನ ಮನೆ ಹಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಶಿಗೆನೊ ಬಾಗಿಲು ತೆಗೆದು ಆಶ್ಚರ್ಯಪಟ್ಟಳು.

"ಅಯ್ಯೋ, ಆಸ್ಪತ್ರೆಯೋರು! ಬನ್ನಿ ಬನ್ನಿ. ಬೆಳಿಗ್ಗೆ ಚೆನ್ನಾಗಿದ್ರು. ಈಗ ಸ್ವಲ್ಪ ಹೊತ್ತಿಂದ ಮತ್ತೆ ಶುರುವಾಗಿದೆ, ಅದೂ ಬೇರೆ ಥರ. ಕುಲುಕಾಟ ಅಂತಿದ್ದಾರೆ."

ಒಳಕೋಣೆಯಲ್ಲಿ ಕೊಹೇ ಹಾಸಿಗೆಯ ಮೇಲೆ ಮಲಗಿದ್ದ. ನಡುಗಂಬಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದ; ಹಿಡಿದು ಹಿಡಿದು ಹಗ್ಗ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅಗಲವಾದ ಭುಜ, ವರ್ಷಗಳಿಂದ ಬಿಸಿಲು ಕಾಣದ ಮುಖ. ಅತ್ತಿಗೆಯನ್ನು ನೋಡಿ ಹಗ್ಗ ಸಡಿಲ ಬಿಟ್ಟ.

"ಬಸ್ಸಲ್ಲಿ ಬಂದ್ರಾ?" ಎಂದು ಕೇಳಿದ.

"ಹೂಂ."

"ಸೇತುವೆ ಹತ್ರ ಡ್ರೈವರ್ ಬ್ರೇಕ್ ಹಾಕಿದ್ನಾ, ಜೋರಾಗಿ?"

"ಹಾಕಿದ್ರು. ನಾಯಿ ಅಡ್ಡ ಬಂತು."

ಕೊಹೇ ಕಣ್ಣು ಮುಚ್ಚಿದ. ಶಿಗೆನೊ ಟೀ ತಂದಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊಹೇಯೇ ನಿಧಾನವಾಗಿ ಹೇಳಿದ. ಬಿದ್ದ ದಿನ ಅವನು ಸೂರಿನ ಮೇಲೆ ಹೆಂಚು ಜೋಡಿಸುತ್ತಿದ್ದ. ಏಣಿಯ ಕೆಳಗೆ ಕಂದು ಮೇಲಂಗಿಯ ಮುದುಕನೊಬ್ಬ ಬಂದು ನಿಂತ.

"'ಅಪ್ಪಾ, ಕೈ ತುಂಬಾ ಸಾಮಾನಿದೆ, ಇದೊಂದನ್ನ ಸ್ವಲ್ಪ ಹೊತ್ತು ಇಟ್ಕೊಂಡಿರ್ತೀಯಾ, ಬರ್ತಾ ತಗೊಂಡು ಹೋಗ್ತೀನಿ' ಅಂದ. ವಯಸ್ಸಾದೋರು. ಇಲ್ಲ ಅನ್ನೋಕಾಗುತ್ತಾ? ಇಟ್ಟು ಹೋಗಿ ತಾತ ಅಂದೆ. ಬಗ್ಗಿ ನೋಡಿದ್ರೆ ಕೆಳಗೆ ಏನೂ ಇಟ್ಟಿರ್ಲಿಲ್ಲ. ಆಗ ಸೂರು ವಾಲ್ತು." ಒಣಗಿದ ತುಟಿ ಸವರಿಕೊಂಡ. "ಬರ್ತೀನಿ ಅಂದೋರು ಬರಲೇ ಇಲ್ಲ."

ಅತ್ತಿಗೆ ಚಾಪೆಗೆ ಹಣೆ ಮುಟ್ಟಿಸಿದಳು. "ಅದು ನನ್ನದು. ಇಷ್ಟು ವರ್ಷ ನೀವು ಹೊತ್ರಿ. ವಾಪಸ್ಸು ತಗೊಳ್ಳೋಕೆ ಬಂದಿದ್ದೀನಿ."

ಶಿಗೆನೊ ಅವಳ ಮುಂದೆ ಬಂದು ನಿಂತಳು. "ನೀವಾ?" ಎಂದಳು. ಆಮೇಲೆ ಅವಳು ಆಡಿದ ಮಾತುಗಳನ್ನು ನಾನು ಬರೆಯುವುದಿಲ್ಲ. ಬಯ್ಯುವ ಹಕ್ಕು ಅವಳಿಗಿತ್ತು. ಒಂದು ಇಡೀ ಸಂಸಾರ ಆ ಹಗ್ಗಕ್ಕೆ ಜೋತು ಬಿದ್ದು ಕಳೆದಿತ್ತು. ಅತ್ತಿಗೆ ತಲೆ ಎತ್ತದೆ ಎಲ್ಲವನ್ನೂ ಕೇಳಿಸಿಕೊಂಡಳು. ಬಯ್ಗುಳವೂ ಅವಳನ್ನು ಮುಟ್ಟಲಿಲ್ಲ. ಹಾಸಿಗೆಯ ಮೇಲೆ ಕೊಹೇಯ ಮುಖವೇ ಪ್ರತಿ ಮಾತಿಗೂ ಕಿವುಚಿಕೊಳ್ಳುತ್ತಾ ಹೋಯಿತು. ಅದು ಕಣ್ಣಿಗೆ ಬಿದ್ದ ಕೂಡಲೇ ಶಿಗೆನೊ ಬಾಯಿಗೆ ಅಂಗಿಯ ತೋಳು ಒತ್ತಿಕೊಂಡು ಸುಮ್ಮನಾದಳು.

"ತಗೊಳ್ಳೋಕೆ ಮುಂಚೆ ಒಂದು ಹೇಳಿ" ಎಂದ ಕೊಹೇ. "ಆ ಚಳಿಗಾಲ ನಾನು ಅತ್ತಿದ್ದು ಯಾರಿಗೆ?"

"ನಮ್ಮ ಯಜಮಾನರಿಗೆ. ಮಸನೊಬು ಅಂತ. ಶಿಂಜಿಯಲ್ಲಿ ಚಿಪ್ಪು ಎತ್ತೋರು. ಸರೋವರದಲ್ಲಿ ಹೋದ್ರು."

"ಹೆಂಗಿದ್ರು?"

ಅತ್ತಿಗೆ ಹೇಳಲು ಹೋಗಿ ತಡವರಿಸಿದಳು. ಸಂಗತಿಗಳು ನೆನಪಿದ್ದವು, ಅಣ್ಣ ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ನಾನೇ ಹೇಳಿದೆ. ಕುಳ್ಳ, ಹಾಡಿದರೆ ಅಪಸ್ವರ, ಸೋತ ಸುಮೊ ಪೈಲ್ವಾನರ ಪರ ವಹಿಸಿ ಜಗಳವಾಡುವವನು. ಕೊಹೇ ಹುಂ ಹುಂ ಎನ್ನುತ್ತಾ, ಬಹಳ ದಿನದಿಂದ ಕಾಯುತ್ತಿದ್ದ ಸುದ್ದಿ ಬಂದವನ ಹಾಗೆ ಕೇಳಿದ.

"ಒಳ್ಳೆಯವರು ಅಂತ ನನಗೆ ಗೊತ್ತಿತ್ತು" ಎಂದ. ಹಗ್ಗ ಬಿಟ್ಟು ಎದ್ದು ಕೂತ. ಎರಡೂ ಅಂಗೈ ಮುಂದೆ ಚಾಚಿದ. "ಭಾರ ಇದೆ."

"ಗೊತ್ತು. ಕೊಡಿ."

ಅತ್ತಿಗೆ ಎರಡೂ ಕೈ ಒಡ್ಡಿದಳು. ಅವನ ಕೈಯಲ್ಲಿ ಏನೂ ಇರಲಿಲ್ಲ, ನಾನು ಎದುರಿಗೇ ಕೂತಿದ್ದೆ. ಆದರೆ ಚಾಪೆಯ ಮೇಲಿದ್ದ ನಾಲ್ಕು ಕಪ್ಪುಗಳಲ್ಲಿ ಟೀ ಒಟ್ಟಿಗೆ ಒಂದೇ ಕಡೆಗೆ ವಾಲಿ, ಅಂಚಿನಿಂದ ತುಳುಕಿತು. ಮನೆ ಅಲುಗಾಡಿರಲಿಲ್ಲ. ಕಪ್ಪುಗಳೂ ಅಲುಗಾಡಿರಲಿಲ್ಲ. ಅತ್ತಿಗೆ ಪಕ್ಕಕ್ಕೆ ಉರುಳಿದಳು, ಉಗುರಿನಿಂದ ಚಾಪೆ ಕಿತ್ತಳು. ಅವಳ ಗಂಟಲಿನಿಂದ ಬಂದ ಕೂಗನ್ನು ನಾನು ಮೊದಲು ಕೇಳಿರಲಿಲ್ಲ. ಅಣ್ಣನ ಹೆಸರು ಅದು ಎಂದು ಆಮೇಲೆ ತಿಳಿಯಿತು.

ಹತ್ತಾರು ದಿನ ಅವಳನ್ನು ಅಲ್ಲಿಂದ ಕದಲಿಸಲಾಗಲಿಲ್ಲ. ಓಕರಿಸುವಳು, ಅಳುವಳು, ಭೂಮಿ ಬಿರಿಯುತ್ತಿದೆ ಎಂದು ನನ್ನ ಸೊಂಟ ಹಿಡಿದುಕೊಳ್ಳುವಳು, ಹಣೆ ಒಡೆದ ಮಗುವಿಗಾಗಿ ಕಿರುಚುವಳು. ವರ್ಷಗಳ ಸಾಲು ಒಂದೊಂದಾಗಿ ಬಂದು ಅವಳನ್ನು ಹಾದುಹೋಯಿತು. ಅವಳ ಬಾಯಿ ಒರೆಸಿ ಗಂಜಿ ಕುಡಿಸಿದವಳು ಶಿಗೆನೊ. "ಈ ಸುತ್ತು ನನಗೆ ಬಾಯಿಪಾಠ. ಈಗ ಎಡಕ್ಕೆ ಬರುತ್ತೆ ನೋಡಿ, ನನ್ನ ತೋಳು ಹಿಡ್ಕೊಳ್ಳಿ" ಎನ್ನುತ್ತಿದ್ದಳು.

ಕೊಹೇ ಮರುದಿನವೇ ಏಣಿ ಹತ್ತಿದ. ಕೆಳಗಿನಿಂದ ಶಿಗೆನೊ, "ಇಳೀರಿ, ಮುಪ್ಪಿನ ವಯಸ್ಸಲ್ಲಿ ಸಾಯೋಕೆ ಹತ್ತಿದ್ದೀರಾ" ಎಂದು ಬೊಬ್ಬೆ ಹೊಡೆಯುತ್ತಿದ್ದರೆ ಅವನು ಜಾರಿದ ಹೆಂಚುಗಳನ್ನು ಒಂದೊಂದೇ ಸರಿಸಿ ಕೂರಿಸಿದ. ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಅವನಿಗೆ ನಿದ್ದೆ ಬಾರದಾಯಿತು. ನೆಲ ಇಷ್ಟು ಸ್ತಬ್ಧವಾಗಿದ್ದರೆ ಹೆಣದ ಹಾಗೆ ಅನ್ನಿಸುತ್ತದೆ ಎಂದ. ಅತ್ತಿಗೆಯನ್ನು ಮನೆಗೆ ಕರೆತಂದ ಮೇಲೆ ಅವನೂ ಶಿಂಜಿಗೆ ಬಂದು, "ದೋಣಿ ಇದ್ರೆ ಒಂದು ಸಲ ಕೂರ್ಲಾ?" ಎಂದು ಕೇಳಿದ.

ಮಗುಚಿದ ಮೇಲೆ ದಡಕ್ಕೆ ಎಳೆತಂದಿದ್ದ ಅಣ್ಣನ ದೋಣಿಯಲ್ಲೇ ನಾನು ಅವನನ್ನು ಸರೋವರಕ್ಕೆ ಕರೆದುಕೊಂಡು ಹೋದೆ. ಅವನು ಹುಟ್ಟಿದ್ದು ಬೆಟ್ಟದಲ್ಲಿ, ಆವರೆಗೆ ದೋಣಿ ಮುಟ್ಟಿದವನಲ್ಲ. ಹತ್ತಿದ ಕೂಡಲೇ ಹಿಂಬದಿಯ ಹಲಗೆಯ ಅಡಿಗೆ ಕೈ ಹಾಕಿ, ಅಣ್ಣ ಎಲ್ಲೋ ಬಚ್ಚಿಡುತ್ತಿದ್ದ ಕೊಕ್ಕೆಯನ್ನು ಹೊರಗೆಳೆದ. ಅಣ್ಣನ ನಂತರ ಆ ದೋಣಿ ನಡೆಸುತ್ತಿದ್ದ ನಾನೂ ಅದನ್ನು ಹುಡುಕಿ ಹುಡುಕಿ ಬಿಟ್ಟಿದ್ದೆ. ಕೊಹೇ ಕೊಕ್ಕೆ ನೋಡಿದ, ನನ್ನನ್ನು ನೋಡಿದ.

"ಎಲ್ಲಾ ಕೊಟ್ಟೆ ಅಂದ್ಕೊಂಡಿದ್ದೆ" ಎಂದ ಅವನು.

"ಇರಲಿ ಬಿಡಿ" ಎಂದೆ ನಾನು.

ಅವನು ಬದುಕಿದ್ದಷ್ಟು ಕಾಲ ಗಾಳಿಯಿಲ್ಲದ ದಿನಗಳಲ್ಲಿ ಬಂದು ನನ್ನ ಜೊತೆ ಚಿಪ್ಪು ಎತ್ತುತ್ತಿದ್ದ. ಅವನ ಗಳು ಬಿದ್ದ ಕಡೆ ಯಾವಾಗಲೂ ಚಿಪ್ಪಿರುತ್ತಿತ್ತು. ಅಮ್ಮ ವಯಸ್ಸಾಗಿ ಮತ್ತೆ ಕಣ್ಣು ಮಂಜಾಗಿ ಅಂಗಳದಲ್ಲಿ ಕೂತವಳು ಅವನ ಹೆಜ್ಜೆ ಸದ್ದಿಗೆ ಒಮ್ಮೊಮ್ಮೆ, "ಮಸನೊಬು, ಕಾಲು ತೊಳ್ಕೊಂಡು ಬಾ" ಎನ್ನುವಳು. ಅವನು "ಬಂದೆ ಅಮ್ಮ" ಎಂದು ಕಾಲು ತೊಳೆಯಲು ಹೋಗುವನು. ಆ 'ಬಂದೆ ಅಮ್ಮ' ಯಾರ ಧ್ವನಿ ಎಂದು ನಾನು ಯಾವತ್ತೂ ತಿರುಗಿ ನೋಡಲಿಲ್ಲ.

ಕೊಹೇ ತೀರಿಕೊಂಡಾಗ ಹಿರೋಸೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವಳು ಅತ್ತಿಗೆ. ಬಂಧುಗಳು ಇವಳು ಯಾರು ಎಂದು ಪಿಸುಗುಟ್ಟಿದಾಗ ಶಿಗೆನೊ, "ನಮ್ಮೋರು" ಎಂದಳು, ಅಷ್ಟೇ.

ರೈಲಿನ ಕೆಲಸ ಅತ್ತಿಗೆ ಎಂದೋ ಬಿಟ್ಟಿದ್ದಳು. ಗೋಡೆ ಹಿಡಿದು ನಡೆಯುವವಳು ಯಾಕುಮೊ ಹತ್ತುವುದೆಲ್ಲಿ? ಆ ಹಳೆಯ ಮಾದರಿಯನ್ನು ಈಚೆಗೆ ತೆಗೆದುಹಾಕಿದರು. ಬದಲಿಗೆ ಬಂದಿರುವುದು ತಿರುವು ಬರುವ ಮೊದಲೇ ಲೆಕ್ಕ ಹಾಕಿ ಮೆಲ್ಲಗೆ ವಾಲುತ್ತದಂತೆ, ಹೊಟ್ಟೆ ತೊಳಸುವುದಿಲ್ಲವಂತೆ. ಒಕಾಯಾಮಾದಲ್ಲಿ ಸಂಸಾರ ಹೂಡಿರುವ ಚಿನಾಮಿ ಫೋನ್ ಮಾಡಿ, "ಈಗಲಾದ್ರೂ ಬಾಮ್ಮ, ಮೊಮ್ಮಗೂನ ನೋಡೋಕೆ" ಎಂದು ಗೋಗರೆದಳು. ಹೋದ ತಿಂಗಳು ನಾನೇ ಜೊತೆಗೆ ಹೋದೆ. ನೆಉ ಬಿಟ್ಟ ಮೇಲೆ ಅತ್ತಿಗೆ ಕಿಟಕಿಗೆ ಬೆನ್ನು ಮಾಡಿ, ನನ್ನ ಮೊಣಕೈ ಹಿಡಿದು, ಬೆಟ್ಟ ಮುಗಿಯುವವರೆಗೂ ಕಾರಿಕೊಂಡಳು. ಉಳಿದವರೆಲ್ಲ ನೆಮ್ಮದಿಯಿಂದ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಒಕಾಯಾಮಾದಲ್ಲಿ ಇಳಿದಾಗ ಅವಳ ಮುಖ ಸುಣ್ಣದಂತಿತ್ತು. ಚಿನಾಮಿ ಓಡಿಬಂದು ಮಗುವನ್ನು ಮುಂದೆ ಹಿಡಿದಳು. ಅತ್ತಿಗೆ ಪ್ಲಾಟ್‌ಫಾರ್ಮಿನ ಮೇಲೆಯೇ ಕೂತುಬಿಟ್ಟು, ಮಗುವಿನ ಪಾದ ಕೆನ್ನೆಗೆ ಒತ್ತಿಕೊಂಡು, ಬರುವ ಹೋಗುವ ಜನರ ಮುಂದೆ ನಾಚಿಕೆಯಿಲ್ಲದೆ ಅತ್ತಳು.